ವೈನಿಯ ಮಾತಿನ ಸಾರಾಂಶ

ನನ್ನ ಬಲಗೈ ಹೆಬ್ಬೆರಳಿಗೆ ಒಂದು ಕೆಟ್ಟ ಚಾಳಿಯಿದೆ. ಯಾರಾದರೂ ನನ್ನೆದುರು ತುಸು ಉದ್ದವಾಗಿ ಮಾತಾಡತೊಡಗಿದರೆ ಸಾಕು, ಅದು ತನ್ನಷ್ಟಕ್ಕೆ ತೋರುಬೆರಳಿನ ಬದಿಯನ್ನು ಒತ್ತಲು ಶುರುಮಾಡುತ್ತದೆ. ಒಮ್ಮೆ ಕಾರವಾರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ದಾರಿಯುದ್ದಕ್ಕೂ ತಮ್ಮ ಮೊಮ್ಮಗಳ ಮದುವೆಯ ಕಥೆ ಹೇಳಿದರು. ಇಳಿಯುವಾಗ ನನ್ನ ಬೆರಳನ್ನೇ ನೋಡುತ್ತ, "ಯಾವ ಮಂತ್ರ ಮಾಸ್ತರ್ರೆ?" ಎಂದು ಭಕ್ತಿಯಿಂದ ಕೇಳಿದರು. ಮಂತ್ರವಲ್ಲ, ನಿಮ್ಮ ಮೊಮ್ಮಗಳ ಮದುವೆಯನ್ನೇ ಚಿಕ್ಕದು ಮಾಡುತ್ತಿದ್ದೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. "ಮನೆದೇವರದ್ದು" ಎಂದುಬಿಟ್ಟೆ. ಅವರು ಕೈಮುಗಿದು ಇಳಿದುಹೋದರು.

ಈ ಚಾಳಿ ಹತ್ತಿದ್ದು ಗುಂಡಿ ಒತ್ತುವ ಮೊಬೈಲಿನ ಕಾಲದಲ್ಲಿ. ಒಂದೊಂದು ಗುಂಡಿಯಲ್ಲಿ ಮೂರು ಮೂರು ಇಂಗ್ಲಿಷ್ ಅಕ್ಷರಗಳು ಬಿಡಾರ ಹೂಡಿದ್ದವು. ಮೂರನೆಯದು ಬೇಕೆಂದರೆ ಮೂರು ಸಲ ಬಾಗಿಲು ಬಡಿಯಬೇಕು. ನಮ್ಮ ಕನ್ನಡವನ್ನು ಆ ಅಕ್ಷರಗಳೊಳಗೆ ತುರುಕಿ, ಒಂದು ಮೆಸೇಜನ್ನು ನೂರಾ ಅರವತ್ತು ಅಕ್ಷರದೊಳಗೆ ಮುಗಿಸಬೇಕು. ಅಣ್ಣ ಮಸ್ಕತ್ತಿನ ಬಂದರಿಗೆ, ಟಗ್ ಬೋಟಿನ ಇಂಜಿನ್ ನೋಡಿಕೊಳ್ಳುವ ಕೆಲಸಕ್ಕೆ ಹೋದ ಮೇಲೆ ನಮಗೂ ಅವನಿಗೂ ನಡುವೆ ಉಳಿದ ದಾರಿ ಅದೊಂದೇ. ಹೊರದೇಶದ ಫೋನು ದುಬಾರಿ. ಹಬ್ಬಕ್ಕೊಮ್ಮೆ ಮಾಡಿದರೂ "ಕೇಳ್ತದಾ? ಕೇಳ್ತದಾ?" ಎನ್ನುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಮನೆಯಲ್ಲಿ ಆಯಿಗೆ ಓದು ಬರುತ್ತಿರಲಿಲ್ಲ. ಅಣ್ಣನ ಹೆಂಡತಿ ಶೇವಂತಿಗೂ ಬರುತ್ತಿರಲಿಲ್ಲ. ನಮ್ಮಲ್ಲಿ ತಾಯಿಗೆ ಆಯಿ, ಅತ್ತಿಗೆಗೆ ವೈನಿ ಎನ್ನುವುದು ರೂಢಿ. ಓದು ಬಲ್ಲವನು ಮನೆಗೆ ನಾನೊಬ್ಬನೇ, ಸಾಲದ್ದಕ್ಕೆ ಕನ್ನಡ ಮಾಸ್ತರ.

ಅಣ್ಣನಿಗೆ ನಾನು ಕಳಿಸಿದ ಮೊದಲ ಮೆಸೇಜನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಪತ್ರಲೇಖನ ಕಲಿಸುವವನು ನಾನು. ಒಕ್ಕಣೆ ಬಿಟ್ಟು ಬರೆಯುವುದುಂಟೆ? "ತೀರ್ಥರೂಪ ಸಮಾನರಾದ ಅಣ್ಣನವರಿಗೆ ತಮ್ಮನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ಅತ್ತ ನಿಮ್ಮ ಕ್ಷೇಮಕ್ಕೆ" ಎನ್ನುವಲ್ಲಿಗೆ ಅಕ್ಷರಗಳು ಮುಗಿದವು. ಹಾಗೇ ಕಳಿಸಿದೆ. ಐದೇ ನಿಮಿಷಕ್ಕೆ ಅಣ್ಣ ಆ ದುಬಾರಿ ಫೋನನ್ನೇ ಮಾಡಿದ. "ಯಾರು ಹೋದ್ರೋ? ಆಯಿ ಅದಾಳಾ ಇಲ್ವಾ?" ಎಂದು ಒಂದೇ ಸಮನೆ ಕೂಗತೊಡಗಿದ. ಹುಟ್ಟಿದಾಗಿನಿಂದ ಅವನಿಗೆ ಬಹುವಚನ ಕೊಡದವನು ಒಮ್ಮೆಲೇ ಸಾಷ್ಟಾಂಗ ಬಿದ್ದರೆ ಅವನಾದರೂ ಏನೆಂದುಕೊಳ್ಳಬೇಕು?

ಅಂದಿನಿಂದ ನಾನು ಚಿಕ್ಕದಾಗಿ ಬರೆಯತೊಡಗಿದೆ. ಅದು ನನಗೆ ಕಷ್ಟವೂ ಆಗಲಿಲ್ಲ. ನಮ್ಮ ಪ್ರಶ್ನೆಪತ್ರಿಕೆಯಲ್ಲಿ 'ಈ ಗದ್ಯಭಾಗವನ್ನು ಮೂರನೇ ಒಂದು ಭಾಗಕ್ಕೆ ಸಂಗ್ರಹಿಸಿ ಬರೆಯಿರಿ' ಎಂದೊಂದು ಪ್ರಶ್ನೆ ಇರುತ್ತದೆಯಲ್ಲ, ಅದನ್ನು ಕಲಿಸುವುದರಲ್ಲಿ ನನ್ನದು ಎತ್ತಿದ ಕೈ. ಉಪಮೆ ತೆಗೆಯಿರಿ, ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಿದ್ದರೆ ತೆಗೆಯಿರಿ, ಸಿಟ್ಟು ಸೆಡವು ಉದ್ಗಾರ ಎಲ್ಲ ತೆಗೆಯಿರಿ, ಉಳಿದದ್ದೇ ಸಾರಾಂಶ ಎನ್ನುತ್ತಿದ್ದೆ. ಮಕ್ಕಳು ತೆಗೆಯುತ್ತಿದ್ದರು, ಅಂಕ ಬರುತ್ತಿತ್ತು. ಆ ಕತ್ತರಿಯನ್ನು ಮನೆಗೆ ತಂದದ್ದೇ ನಾನು ಮಾಡಿದ ಎಡವಟ್ಟು.

ಆಗ ನನ್ನ ಶಾಲೆಯಿದ್ದದ್ದು ಹಿಲ್ಲೂರಿನ ಕಡೆ. ಕಾಡಿನ ನಡುವೆ ಮೊಬೈಲಿಗೆ ರೇಂಜಿಲ್ಲ. ಬೆಳಗಿನಿಂದ ಅಣ್ಣ ಕಳಿಸಿದ್ದೆಲ್ಲ ಎಲ್ಲೋ ಗಾಳಿಯಲ್ಲಿ ಕಾದಿದ್ದು, ಸಂಜೆಯ ಬಸ್ಸು ಅಂಕೋಲೆಯ ಹತ್ತಿರ ಬಂದೊಡನೆ ಕಿಸೆಯಲ್ಲಿ ಟಿಣ್ ಟಿಣ್ ಎಂದು ಬಂದು ಬೀಳುತ್ತಿತ್ತು. ಕಂಡಕ್ಟರನಿಗೂ ಅದು ಪರಿಚಯವಾಗಿಬಿಟ್ಟಿತ್ತು. "ಮಾಸ್ತರ್ರೆ, ಅಣ್ಣ ಬಂದ್ರು" ಎಂದು ಕೂಗುತ್ತಿದ್ದ. ನಾನು ಇಳಿದು ಸೀದಾ ಮೀನುಪೇಟೆಗೆ ಹೋಗುತ್ತಿದ್ದೆ. ಅಲ್ಲಿ ವೈನಿ ಬುಟ್ಟಿಯಲ್ಲಿ ಉಳಿದ ಬಾಂಗಡೆ, ಶೆಟ್ಲಿ ಸಿಗಡಿ ಮಾರಿ ಮುಗಿಸುವ ಹೊತ್ತು. ಹಾರವಾಡದ ನಮ್ಮ ಮನೆಯಲ್ಲೂ ರೇಂಜು ಸಿಗದ ಕಾರಣ ಓದುವುದು, ಉತ್ತರ ಕಳಿಸುವುದು ಎರಡೂ ಪೇಟೆಯಲ್ಲೇ ಆಗಬೇಕಿತ್ತು. ಆಮೇಲೆ ಇಬ್ಬರೂ ಒಂದೇ ಬಸ್ಸಿಗೆ ಮನೆಗೆ ಹೋಗುತ್ತಿದ್ದೆವು.

ನಮ್ಮ ಮೀನುಪೇಟೆ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ವೈನಿಯ ಎಡಕ್ಕೆ ಮೂವರು, ಬಲಕ್ಕೆ ನಾಲ್ವರು ಹೆಂಗಸರು. ನಾನು ಮೊಬೈಲು ತೆಗೆದೆನೆಂದರೆ ಎಲ್ಲರ ಕತ್ತಿಯೂ ನಿಲ್ಲುತ್ತಿತ್ತು. ಅಣ್ಣನೋ, ಎದುರಿಗೆ ಇದ್ದಾಗ ಹೆಂಡತಿಯ ಹೆಸರು ಹಿಡಿದು ಕರೆಯಲೂ ನಾಚುತ್ತಿದ್ದವನು, ಸಮುದ್ರ ದಾಟಿದ ಮೇಲೆ ಏನೆಲ್ಲ ಬರೆಯತೊಡಗಿದ್ದ! ಒಂದು ದಿನ ಬಂದ ಮೆಸೇಜು ನನಗೆ ಅಕ್ಷರಕ್ಕಕ್ಷರ ನೆನಪಿದೆ: "ಶೇವಂತಿಗೆ ಹೇಳು. ನಿನ್ನೆ ಕನಸಲ್ಲಿ ಬಂದಿದ್ಲು. ತಲೆತುಂಬ ಅಬ್ಬಲಿ ಮುಡಿದಿದ್ಲು. ಎದ್ದ ಮೇಲೆ ಕೆಲಸಕ್ಕೆ ಹೋಗೂಕೆ ಮನಸೇ ಆಗಲಿಲ್ಲ."

ನೀವೇ ಹೇಳಿ, ಇದನ್ನು ಏಳು ಜನ ಮೀನುಗಾರ ಹೆಂಗಸರ ಎದುರು ತಾಯಿಯಂಥ ವೈನಿಗೆ ಗಂಟಲೆತ್ತಿ ಓದುವುದು ಹೇಗೆ? ನನಗಿನ್ನೂ ಮದುವೆಯಾಗಿರಲಿಲ್ಲ. ಮುಖ ಮಸಾಲೆ ಹಚ್ಚಿದ ಬಾಂಗಡೆಯ ಹಾಗೆ ಕೆಂಪಾಯಿತು.

"ಎಂತ ಬರದ್ರು ತಮಾ?" ಎಂದಳು ವೈನಿ.

"ಆರಾಮಂತೆ" ಎಂದೆ. "ಊಟ ನಿದ್ದೆ ಸರಿ ಆಗ್ತದಂತೆ."

"ಅಷ್ಟೇಯಾ?"

"ಅಷ್ಟೇ."

"ಇಷ್ಟು ಹೇಳೂಕೆ ಅಷ್ಟು ದೂರ ಹೋಗ್ಬೇಕಾಗಿತ್ತಾ ಅವ್ರು? ಇಲ್ಲೇ ಕೂತು ಹೇಳ್ಬಹುದಾಗಿತ್ತು" ಎಂದು ವೈನಿ ಶೆಟ್ಲಿಯ ತಲೆ ಚಿವುಟಿದಳು. ಸುತ್ತಲಿನವರು ನಕ್ಕರು. ನಾನೂ ನಕ್ಕು ತಪ್ಪಿಸಿಕೊಂಡೆ.

ಅತ್ತ ಕಳಿಸುವ ಮಾತಿನ ಗತಿಯೂ ಅದೇ. ವೈನಿಯ ಮಾತಿಗೆ ಒಡ್ಡು ಎಂಬುದಿಲ್ಲ. "ಬರಿ ತಮಾ" ಎಂದು ಶುರುಮಾಡಿದರೆ, ಆಯಿಯ ಮೊಣಕಾಲು, ಹಿತ್ತಿಲ ಬಾವಿ, ಪಕ್ಕದ ಮನೆಯವಳು ಅಂದ ಮಾತು, ಅದಕ್ಕೆ ತಾನು ಅಂದ ಮಾತು, ರಾತ್ರಿ ಮಾಡಿನ ಹಂಚು ಹಾರಿದಾಗ ಒಬ್ಬಳೇ ಏಣಿ ಹತ್ತಿದ್ದು, ಹತ್ತಿದ ಮೇಲೆ ಸುಮ್ಮನೆ ಅಳು ಬಂದದ್ದು. ನಾನು ಹೂಂಗುಟ್ಟುತ್ತ ಗುಂಡಿ ಒತ್ತುತ್ತಿದ್ದೆ. ಅಷ್ಟನ್ನೂ ಕೇಳಿಸಿಕೊಂಡು ಕಳಿಸುತ್ತಿದ್ದದ್ದು ಒಂದೇ ಸಾಲು: "ಹಂಚು ಸರಿಮಾಡಿ ಆಯ್ತು. ಎಲ್ಲಾ ಆರಾಮ." ಪರದೇಶದಲ್ಲಿ ದುಡಿಯುವವನಿಗೆ ಚಿಂತೆ ಹಚ್ಚಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ, ಇಷ್ಟು ದೊಡ್ಡ ಮಾತನ್ನು ಇಷ್ಟು ಸಣ್ಣದು ಮಾಡಿದೆನಲ್ಲ ಎಂಬ ಜಂಬವೂ ಒಳಗೊಳಗೇ ಇತ್ತು.

ಹೀಗೇ ನಾಲ್ಕು ವರ್ಷ ಕಳೆಯಿತು. ಅತ್ತ ಅಣ್ಣನಿಗೆ, ನನ್ನ ಹೆಂಡತಿ ಗಟ್ಟಿಗಿತ್ತಿ, ನಾನಿಲ್ಲದೆಯೂ ಎಲ್ಲ ನಡೆಸಿಕೊಂಡು ಹೋಗುತ್ತಾಳೆ ಎಂಬ ನಂಬಿಕೆ. ಇತ್ತ ವೈನಿಗೆ, ನನ್ನ ಗಂಡನಿಗೆ ಊಟ ನಿದ್ದೆ ಬಿಟ್ಟರೆ ಬೇರೇನೂ ನೆನಪಾಗುವುದಿಲ್ಲ ಎಂಬ ನೋವು. ಇಬ್ಬರ ನಡುವೆ ಕತ್ತರಿ ಹಿಡಿದು ಕೂತ ನನಗೆ ಎರಡೂ ಕಾಣುತ್ತಿತ್ತು. ಆದರೂ ಕಾಣದವನ ಹಾಗೆ ಇದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆ ವರ್ಷ ಅಣ್ಣನ ಮೆಸೇಜು ಬಂತು: "ಕಂಪನಿಯವರು ಮತ್ತೆ ಎರಡು ವರ್ಷಕ್ಕೆ ಸಹಿ ಹಾಕು ಅಂತಾರೆ. ಶೇವಂತಿಯನ್ನು ಕೇಳಿ ಹೇಳು." ನಾನು ಪೇಟೆಯಲ್ಲಿ ಅದನ್ನು ಇದ್ದಂತೆಯೇ ಓದಿ ಹೇಳಿದೆ. ವೈನಿ ಗಿರಾಕಿಯೊಬ್ಬರಿಗೆ ಮೀನು ಕೊಟ್ಟು ಕಳಿಸಿ, ಕೈತೊಳೆದು, ಸೆರಗಿಗೆ ಒರೆಸಿಕೊಂಡು ಹೇಳಿದಳು:

"ಅವ್ರಿಗೆ ಹೆಂಗೆ ಕಾಣ್ತದೋ ಹಾಂಗೆ ಮಾಡ್ಲಿ. ನಾ ಎಂತ ಹೇಳೂದು? ಹೇಳಿದ್ರೆ ಕೇಳೋರು ಯಾರು? ನಾಕು ವರ್ಷದಲ್ಲಿ ಒಂದಿನ ಆದ್ರೂ, ನೀ ಹೆಂಗಿದ್ಯೇ ಅಂತ ಬಾಯ್ತುಂಬ ಕೇಳಿದ್ರಾ? ಅಲ್ಲೇ ಇರ್ಲಿ. ಅಲ್ಲೇ ಆರಾಮಾಗಿ ಇರ್ಲಿ."

ಎಂಟನೇ ತರಗತಿಯ ಮಗುವಿಗೂ ಅರ್ಥವಾಗುವ ಮಾತು. ಅದರ ಸಾರಾಂಶ 'ಬೇಡ' ಎಂದೇ ಹೊರತು ಬೇರೇನಲ್ಲ. ಆದರೆ ಬಸ್ಸು ಬರುವ ಹೊತ್ತಾಗಿತ್ತು, ಸುತ್ತಲಿನ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ನನ್ನ ಬೆರಳು ಸಿಟ್ಟು ಸೆಡವು ಉದ್ಗಾರ ಎಲ್ಲ ತೆಗೆದು ಕಳಿಸಿಯೇಬಿಟ್ಟಿತು: "ನಿನಗೆ ಹೇಗೆ ಕಾಣುತ್ತೋ ಹಾಗೆ ಮಾಡು ಅಂದಳು. ಎಲ್ಲಾ ಆರಾಮ."

ಮರುದಿನ ಅಣ್ಣನ ಉತ್ತರ ಬಂತು. ಶನಿವಾರ ಸಹಿ ಹಾಕುತ್ತಾನಂತೆ. ಅದಕ್ಕೂ ಮೊದಲು, ಶುಕ್ರವಾರ ಅವರಿಗೆ ರಜೆ, ಇಂಟರ್ನೆಟ್ಟಿನಲ್ಲಿ ಮಾತಾಡುವುದನ್ನು ಜೊತೆಯವನೊಬ್ಬ ತೋರಿಸಿಕೊಟ್ಟಿದ್ದಾನೆ, ಶೇವಂತಿಯನ್ನು ಅಂಕೋಲೆಯ ಸೈಬರಿಗೆ ಕರೆದುಕೊಂಡು ಬಾ, ಅವಳ ದನಿ ಕೇಳಿ ಸಹಿ ಹಾಕುತ್ತೇನೆ ಎಂದು ಬರೆದಿದ್ದ. ಅವರಿಬ್ಬರೂ ನೇರ ಮಾತಿಗೆ ಕೂತರೆ ನನ್ನ ನಾಲ್ಕು ವರ್ಷದ ಪಾಂಡಿತ್ಯ ಬೀದಿಗೆ ಬರುತ್ತದೆ. ಮಾತಾಡದಿದ್ದರೆ ಅಣ್ಣ ಇನ್ನೆರಡು ವರ್ಷ ಬರುವುದಿಲ್ಲ. ಮೆಸೇಜನ್ನು ನುಂಗಿಬಿಡೋಣ ಎಂದು ಒಂದು ಗಳಿಗೆ ಅನಿಸಿದ್ದೂ ಸುಳ್ಳಲ್ಲ. ಆದರೆ ಸಂಜೆ ಬಸ್ಸಿನಲ್ಲಿ ಖಾಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ ವೈನಿಯನ್ನು ಕಂಡು ಹೇಳಿಬಿಟ್ಟೆ. ಅವಳು ನಂಬಲಿಲ್ಲ. "ಕಂಪ್ಯೂಟರಲ್ಲಿ ದನಿ ಬರ್ತದಾ? ಅವ್ರದ್ದೇ ದನಿಯಾ?" ಎಂದು ಮನೆ ಮುಟ್ಟುವವರೆಗೆ ನಾಲ್ಕು ಸಲ ಕೇಳಿದಳು.

ಶುಕ್ರವಾರ ವೈನಿ ಮೀನಿಗೆ ಹೋಗಲಿಲ್ಲ. ಮಿಂದು, ಪೆಟ್ಟಿಗೆಯೊಳಗಿನ ಸೀರೆ ಉಟ್ಟು ಹೊರಟಳು. ದನಿಯಷ್ಟೇ ಹೋಗುವುದು, ಸೀರೆ ಕಾಣುವುದಿಲ್ಲ ಎಂದರೆ, "ಉಟ್ಟದ್ದು ನಂಗೆ ಗೊತ್ತಿರ್ತದಲ್ಲ" ಎಂದಳು.

ಬಸ್ ನಿಲ್ದಾಣದ ಹಿಂದಿನ ಆ ಸೈಬರು ಮೊದಲು ಎಸ್‌ಟಿಡಿ ಬೂತಾಗಿತ್ತು. ಅದರ ಮಾಲೀಕ ವಿಠೋಬಣ್ಣ, ಐವತ್ತು ದಾಟಿದ ಗಂಭೀರ ಮನುಷ್ಯ. ಕಾಲ ಬದಲಾದಾಗ ಬೂತಿನ ಗಾಜಿನ ಗೂಡಿನಿಂದ ಫೋನು ತೆಗೆದು ಕಂಪ್ಯೂಟರು ಇಟ್ಟಿದ್ದ, ಅಷ್ಟೇ. ಅದರ ಬಾಗಿಲು ಮಾತ್ರ ಮಳೆಗಾಲದಲ್ಲಿ ಉಬ್ಬಿದ್ದು, ಮತ್ತೆಂದೂ ಪೂರ್ತಿ ಮುಚ್ಚಿರಲಿಲ್ಲ. ಹೊರಗೆ ಕಾಲೇಜು ಹುಡುಗಿಯರು ಫಲಿತಾಂಶ ನೋಡಲು ಕಾದಿದ್ದರು. ವೈನಿಯ ಕಿವಿಗೆ ಹೆಡ್‌ಫೋನು ಸಿಕ್ಕಿಸಿ ವಿಠೋಬಣ್ಣ, "ಮೈಕು ಬಾಯಿಗೆ ತಾಗಿಸ್ಬೇಡ ತಂಗಿ, ಮೆಲ್ಲಗೆ ಮಾತಾಡು" ಎಂದ. ಮೀನು ಮಾರುವವಳಿಗೆ ಮೆಲ್ಲಗೆ ಎಂದರೇನೆಂದು ಗೊತ್ತಿದ್ದರೆ ತಾನೆ?

"ಹಲೋ!" ಎಂದಳು. ಏನೂ ಇಲ್ಲ. ಮತ್ತೆ "ಹಲೋ!" ಎನ್ನುವಾಗಲೇ ಮೊದಲ ಹಲೋಗೆ ಅಣ್ಣನ ಉತ್ತರ, ಪಕ್ಕದಲ್ಲಿದ್ದ ನನಗೂ ಕೇಳುವಷ್ಟು ಜೋರಾಗಿ ಬಂತು. ಇವಳ ಎರಡನೆಯದು ಅದರ ಮೇಲೆ ಬಿತ್ತು. ಅವನು "ಎಂತ?" ಎಂದ, ಇವಳೂ "ಎಂತ?" ಎಂದಳು. ಇಬ್ಬರೂ ಸುಮ್ಮನಾದರು, ಇಬ್ಬರೂ ಒಟ್ಟಿಗೇ ಶುರುಮಾಡಿದರು. ಐದು ನಿಮಿಷ ಹೀಗೇ ಹೊಯ್‌ಕೈ ನಡೆಯಿತು. "ಲೈನು ಸರಿ ಇಲ್ಲ, ದನಿ ಹೋಗಿ ಮುಟ್ಟೂಕೆ ಹೊತ್ತು ಬೇಕು. ಮೆಸೇಜೇ ಮಾಡ್ಕೊಳ್ಳಿ" ಎಂದ ವಿಠೋಬಣ್ಣ. ನನಗೋ, ಜೀವ ಬಂದಂತಾಯಿತು. ಕಿಸೆಯಿಂದ ಮೊಬೈಲು ತೆಗೆದೇಬಿಟ್ಟೆ.

"ನಿಲ್ಲು ತಮಾ" ಎಂದಳು ವೈನಿ. "ದನಿ ಮುಟ್ಟೂಕೆ ಹೊತ್ತು ಬೇಕು ಅಷ್ಟೇಯಾ? ಮೊದ್ಲೇ ಹೇಳ್ಬಾರ್ದಾ? ಇದು ತಾರಿ ಕೂಗು ಇದ್ದಾಂಗೆ."

ವೈನಿಯ ತವರು ಚಿತ್ತಾಕುಲ. ಕಾಳಿ ನದಿಗೆ ಸೇತುವೆಯಾಗುವ ಮೊದಲು ಅವಳ ಅಪ್ಪ ಅಲ್ಲಿ ತಾರಿ ದೋಣಿಯಲ್ಲಿ ಜನರನ್ನು ದಾಟಿಸುತ್ತಿದ್ದವನು. ಗಂಜಿ ಒಯ್ದ ಪುಟ್ಟ ಶೇವಂತಿ ದಡದಲ್ಲಿ ನಿಂತು ನಡುನೀರಿನಲ್ಲಿದ್ದ ಅಪ್ಪನನ್ನು ಕೂಗುತ್ತಿದ್ದಳು. ಅದಕ್ಕೊಂದು ಕ್ರಮವಿತ್ತು. ಹೇಳುವುದನ್ನು ಒಂದೇ ಉಸಿರಿಗೆ ಹೇಳಿ, ಮುಗಿಯಿತು ಎನ್ನಲು ಕೊನೆಗೊಂದು 'ಹೋಯ್' ಎನ್ನಬೇಕು. ಆಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಅತ್ತಲಿಂದ ಮಾತು ಬಂದು, ಅದರ ಹೋಯ್ ಕೇಳುವವರೆಗೆ ಏನೇ ಆದರೂ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಎರಡು ಕೂಗೂ ನೀರಿಗೆ ಬಿದ್ದವು ಎಂದೇ ಲೆಕ್ಕ.

ವೈನಿ ಬೆನ್ನು ನೆಟ್ಟಗೆ ಮಾಡಿ ಕೂತಳು. "ನಾ ಹೇಳಿ ಮುಗಿಸಿ ಹೋಯ್ ಅಂತೆ. ಅಲ್ಲಿವರೆಗೆ ನೀವು ಸುಮ್ಮನಿರಿ. ನೀವು ಹೋಯ್ ಅಂಬವರೆಗೆ ನಾ ಸುಮ್ಮನಿರ್ತೆ. ಹೋಯ್!" ಎಂದು ಕೂಗಿ ತುಟಿ ಬಿಗಿದಳು. ಕಾಲೇಜು ಹುಡುಗಿಯರು ಬೆಚ್ಚಿ ತಿರುಗಿ, ಕಿಸಕ್ಕನೆ ನಕ್ಕರು. ಸ್ವಲ್ಪ ಹೊತ್ತು ಕಳೆಯಿತು. ಆಮೇಲೆ ವೈನಿಯ ಮುಖ ಅರಳಿತು. ಅಣ್ಣನೂ ದೋಣಿಯ ಮೇಲೆ ಬೆಳೆದವನೇ ಅಲ್ಲವೆ, ಅವನಿಗೆ ಅರ್ಥವಾಗಿತ್ತು.

ನಾನು ಗಾಜಿನ ಹೊರಗೆ ಬಂದು ನಿಂತೆ. ನನಗೆ ಕೇಳುತ್ತಿದ್ದದ್ದು ಅವಳ ಮಾತು, ನಡುವಿನ ಮೌನ, ಅಷ್ಟೇ.

"ಮತ್ತೆ ಎರಡು ವರ್ಷ ಅಲ್ಲಿ ನಿಲ್ಲೂದು ನಂಗೆ ಬ್ಯಾಡ. ಹೋಯ್."

ಮೌನ.

"ನಾ ಎಲ್ಲಿ ಒಪ್ಪಿದ್ದೆ? ಅದು ಸಿಟ್ಟಿನ ಮಾತು. ಆರಾಮದಾಳೆ ಅಂತ ನಿಮ್ಗೆ ಯಾರು ಹೇಳಿದ್ರು? ಹೋಯ್."

ಈ ಸಲದ ಮೌನದಲ್ಲಿ ವೈನಿ ಮೆಲ್ಲಗೆ ತಿರುಗಿ ಗಾಜಿನೊಳಗಿಂದ ನನ್ನನ್ನು ನೋಡಿದಳು. ನಾನು ಗೋಡೆಗೆ ಅಂಟಿಸಿದ್ದ ಸೂಚನಾಪತ್ರವನ್ನು ಪಾಠದಂತೆ ಓದತೊಡಗಿದೆ.

"ದಿನಾ ಬೋಟು ದಡಕ್ಕೆ ಬಂದಾಗ ನಾ ನಿಮ್ಮ ಮುಖ ಹುಡುಕ್ತೆ. ಅದ್ರಲ್ಲಿ ನೀವಿಲ್ಲ ಅಂತ ಗೊತ್ತಿದ್ರೂ ಹುಡುಕ್ತೆ. ನಂಗೆ ಸಾಕಾಗ್ಯದೆ. ಬನ್ನಿ. ಹೋಯ್."

ಕಾಲೇಜು ಹುಡುಗಿಯರು ನಗುವುದನ್ನು ಯಾವಾಗ ನಿಲ್ಲಿಸಿದರೋ ನನಗೆ ತಿಳಿಯದು. ಒಬ್ಬಳಂತೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಬಹಳ ಹೊತ್ತಿನ ಮೌನದ ನಂತರ ವೈನಿಯ ಕೈ ತಾನಾಗಿ ತುರುಬಿಗೆ ಹೋಯಿತು. "ಅಬ್ಬಲಿಯಾ?" ಎಂದಳು, ಆ ದನಿಯನ್ನು ನಾನು ಮೊದಲೆಂದೂ ಕೇಳಿರಲಿಲ್ಲ. "ಯಾವಾಗ ಬರ್ದಿದ್ರಿ? ನಂಗೆ ಯಾರೂ ಹೇಳ್ಲೇ ಇಲ್ಲ." ಹೋಯ್ ಎನ್ನುವುದನ್ನೂ ಮರೆತಿದ್ದಳು.

ನನ್ನನ್ನು ಒಳಗೆ ಕರೆದಳು. ಅಣ್ಣನಿಗೆ ನನ್ನ ಹತ್ತಿರ ಮಾತಾಡಬೇಕಂತೆ. ಹೆಡ್‌ಫೋನು ಹಾಕಿಕೊಂಡೆ.

"ತಮಾ, ಒಂದು ಕೇಳ್ತೆ" ಎಂದ ಅಣ್ಣ, ಸಮುದ್ರದಾಚೆಯಿಂದ. "ಇವ್ಳು ಅತ್ತದ್ದು ನಾಕು ವರ್ಷದಲ್ಲಿ ಒಂದಿನನೂ ನಿನ್ನ ಮೆಸೇಜಲ್ಲಿ ಬರ್ಲಿಲ್ಲ. ಎಂತಕ್ಕೆ? ಹೋಯ್."

"ಜಾಗ ಸಾಲ್ತಿರಲಿಲ್ಲ ಅಣ್ಣ" ಎಂದೆ. ಅಂದ ಕೂಡಲೇ ಆ ಮಾತು ನನಗೇ ಹೇಸಿಗೆಯಾಯಿತು. "ಅಲ್ಲ, ಅದು ಸುಳ್ಳು. ಓದೂಕೆ ನಾಚಿಕೆ ಆಗ್ತಿತ್ತು. ಬರಿಯೂಕೆ ಹೆದ್ರಿಕೆ ಆಗ್ತಿತ್ತು. ತಪ್ಪಾತು ಅಣ್ಣ."

ಅತ್ತಲಿಂದ ಏನೂ ಬರಲಿಲ್ಲ. ಎಷ್ಟು ಹೊತ್ತು ಕಳೆದರೂ ಬರಲಿಲ್ಲ. ಅವನ ಸಿಟ್ಟು ಇಷ್ಟು ದೊಡ್ಡದೇ ಎಂದು ನನ್ನ ಕಣ್ಣಲ್ಲಿ ನೀರು ಬಂತು. ವೈನಿ ನನ್ನ ಭುಜ ತಿವಿದಳು: "ಹೋಯ್ ಅನ್ನು! ಅವ್ರು ಕಾಯ್ತಾ ಇರ್ತ್ರು!"

"ಹೋಯ್" ಎಂದೆ.

"ನಾಳೆ ಸಹಿ ಹಾಕೂದಿಲ್ಲ" ಎಂದ ಅಣ್ಣ. "ಈಗ ಅದನ್ನ ಅವ್ಳ ಕಿವಿಗೆ ಕೊಡು, ನೀ ಹೊರಗೆ ನಡಿ."

ಮನೆಗೆ ಹೋಗುವ ಬಸ್ಸಿನಲ್ಲಿ ನಾನು ಮೊಬೈಲು ತೆಗೆದು, ಅಣ್ಣನ ಹಳೆಯ ಮೆಸೇಜು ಕೆಲವು ಇನ್ನೂ ಉಳಿದಿವೆ, ಇದ್ದದ್ದು ಇದ್ದ ಹಾಗೆ ಓದಿ ಹೇಳಲಾ ಎಂದು ಕೇಳಿದೆ. ವೈನಿ ಸ್ವಲ್ಪ ಹೊತ್ತು ಮೊಬೈಲನ್ನೇ ನೋಡಿದಳು. "ಬ್ಯಾಡ ತಮಾ" ಎಂದಳು. "ಅವೆಲ್ಲ ಇನ್ನೊಮ್ಮೆ ಅವ್ರ ಬಾಯಲ್ಲೇ ಬರ್ಲಿ." ಬೈಯಲಿಲ್ಲ. ಆದರೆ ಒಂದು ವಾರ ನನ್ನ ತಟ್ಟೆಗೆ ಬಾಂಗಡೆಯ ತಲೆಯೊಂದೇ ಬಿತ್ತು. ಆಯಿ ಅದನ್ನು ನೋಡಿಯೂ ನೋಡದಂತೆ ಉಣ್ಣುತ್ತಿದ್ದಳು. ಎಂಟನೆಯ ದಿನ ನಡುತುಂಡು ಬಂದಾಗ ನನಗೆ ಎಂಥ ಆನಂದವಾಯಿತೆಂದರೆ, ಮುಳ್ಳು ಗಂಟಲಿಗೆ ಸಿಕ್ಕಿಕೊಂಡಿತು.

ಅಲ್ಲಿಂದ ಮುಂದೆ ಪ್ರತಿ ಶುಕ್ರವಾರ ವೈನಿ ಒಬ್ಬಳೇ ಸೈಬರಿಗೆ ಹೋಗತೊಡಗಿದಳು. ವಿಠೋಬಣ್ಣ ಅವಳಿಗಾಗಿ ಗೂಡಿನ ಬಾಗಿಲನ್ನು ಕೀಸಿ ಮುಚ್ಚುವ ಹಾಗೆ ಮಾಡಿಸಿದನೆಂದು ಕೇಳಿದೆ. ಶಾಲೆಯಲ್ಲಿ ನಾನೂ ಸ್ವಲ್ಪ ಬದಲಾದೆ. ಸಂಗ್ರಹಲೇಖನ ಕಲಿಸುವಾಗ, ಸಿಟ್ಟು ಸೆಡವು ಉದ್ಗಾರಗಳನ್ನು ತೆಗೆಯುವ ಮೊದಲು ಎರಡು ಸಲ ಓದಿರಿ ಎನ್ನತೊಡಗಿದೆ. ಮಕ್ಕಳ ಅಂಕ ತುಸು ಇಳಿಯಿತು.

ಮೂರು ತಿಂಗಳಿಗೆ ಅಣ್ಣ ಬಂದ. ಈಗ ಅವನು ಬೈತಖೋಲದ ಬಂದರಿನಲ್ಲಿ ಬೋಟುಗಳ ಇಂಜಿನ್ ರಿಪೇರಿ ಮಾಡಿಕೊಂಡು, ದಿನಾ ಸಂಜೆ ಮನೆಗೆ ಬರುತ್ತಾನೆ. ಅವನು ಬಂದ ದಿನ ನಾನೂ ವೈನಿಯೂ ಕಾರವಾರದ ರೈಲು ನಿಲ್ದಾಣಕ್ಕೆ ಹೋಗಿ ಕರೆತಂದೆವು. ಬಸ್ಸಿನಲ್ಲಿ ಇಬ್ಬರೂ ಒಂದು ಮಾತೂ ಆಡಲಿಲ್ಲ. ನನಗೆ ಭಯವಾಯಿತು. ಹೆದ್ದಾರಿಯಲ್ಲಿ ಇಳಿದು ಗಾಳಿಮರಗಳ ನಡುವಿನ ಮರಳ ಹಾದಿ ಹಿಡಿದೆವು. ಅವರು ಮುಂದೆ, ದೊಡ್ಡ ಪೆಟ್ಟಿಗೆ ಹೊತ್ತ ನಾನು ಹಿಂದೆ. ಸ್ವಲ್ಪ ದೂರ ಹೋದ ಮೇಲೆ ವೈನಿ ಏನೋ ಅಂದಳು. ಅಣ್ಣ ತಲೆ ಬಗ್ಗಿಸಿ ಕೇಳಿ, ಏನೋ ಹೇಳಿದ. ಅವಳು ನಕ್ಕಳು. ಆಮೇಲೆ ಇಬ್ಬರೂ ಮಾತಾಡತೊಡಗಿದರು, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು, ಒಬ್ಬರ ಮೇಲೊಬ್ಬರು. ನಾಲ್ಕು ವರ್ಷ ಅವರ ಒಂದೊಂದು ಮಾತನ್ನೂ ಮೊದಲು ಕೇಳಿದವನು ನಾನು. ಏನು ಹೇಳಿಕೊಳ್ಳುತ್ತಿದ್ದಾರೆಂದು ಕೇಳಲು ನನ್ನ ಕಾಲುಗಳು ತಾವಾಗಿಯೇ ಬೇಗಬೇಗ ಬೀಳತೊಡಗಿದವು. ಗೊತ್ತಾದ ಕೂಡಲೇ ನಿಂತೆ. ಪೆಟ್ಟಿಗೆಯನ್ನು ಮರಳಿನ ಮೇಲಿಳಿಸಿ, ಅದರ ಮೇಲೆ ಕೂತು, ಅವರ ದನಿ ನನಗೆ ಕೇಳಿಸದಷ್ಟು ದೂರ ಹೋಗುವವರೆಗೆ ಕಾದೆ.